ನಡುವೆ ಸೇರಿದ ಪುಟ

ಓಲೆಗರಿಯ ಲಿಪಿಕಾರನು ಪದವನ್ನೋ ಸಾಲನ್ನೋ ಬಿಟ್ಟಿದ್ದರೆ, ಬಿಟ್ಟ ಸ್ಥಳದಲ್ಲಿ ಹಂಸಪಾದವನ್ನಿಟ್ಟು ಲೋಪವನ್ನು ಅಂಚಿನಲ್ಲಿ ತುಂಬುತ್ತಿದ್ದನು. ಗರಿಯ ಸಂಖ್ಯೆ ಬದಲಾಗುತ್ತಿರಲಿಲ್ಲ. ನಂತರ ಸೇರಿದ್ದು ಯಾವುದೆಂಬುದೂ ಓದುಗನಿಗೆ ಕಾಣುತ್ತಿತ್ತು. ಹಂಸಪಾದವು ಮುದ್ರಣದ ಕರಡಚ್ಚಿನಲ್ಲಿಯೂ ಉಳಿದುಬಂದಿದೆ. ಆದರೆ ಸೇರಬೇಕಾದುದು ಪದವಲ್ಲದೆ ಇಡೀ ಪುಟವೇ ಆದಾಗ ಆ ಚಿಹ್ನೆಯೊಂದೇ ಸಾಲದು.

ಸಂಶೋಧನ ಗ್ರಂಥಗಳಲ್ಲಿ ಇಂತಹ ಪ್ರಸಂಗ ಅಪರೂಪವಲ್ಲ. ಎರಡನೆಯ ಕರಡಚ್ಚು ಕೈಸೇರುವ ವೇಳೆಗೆ ಹೊಸ ಶಾಸನಪಾಠವೊಂದು ದೊರೆಯುತ್ತದೆ. ಅಥವಾ ಪಾಠಾಂತರವೊಂದರ ಚರ್ಚೆ ತೀರ ಸಂಕ್ಷಿಪ್ತವಾಯಿತೆಂದು ಲೇಖಕನಿಗೆ ತೋರುತ್ತದೆ. ಸೇರಿಸದಿದ್ದರೆ ಪ್ರತಿಪಾದನೆ ಅಪೂರ್ಣ. ಸೇರಿಸಿದರೆ ತಿದ್ದಿ ಮುಗಿದ ಪುಟಗಳ ವ್ಯವಸ್ಥೆ ಕದಲುತ್ತದೆ.

ಈ ಕದಲಿಕೆಗೆ ಒಂದು ಲೆಕ್ಕವಿದೆ. ಮೂರನೆಯ ಅಧ್ಯಾಯ ೯೫ನೆಯ ಪುಟಕ್ಕೆ ಮುಗಿದು, ೯೬ ಖಾಲಿ ಉಳಿದು, ನಾಲ್ಕನೆಯದು ಬಲಬದಿಯ ೯೭ರಿಂದ ಆರಂಭವಾಗುತ್ತದೆ ಎಂದಿಟ್ಟುಕೊಂಡರೆ, ೮೦ರ ಬಳಿಕ ಒಂದು ಪುಟ ಸೇರಿದಾಗ ೮೧ರಿಂದ ೯೫ರವರೆಗಿನ ಸಂಖ್ಯೆಗಳಷ್ಟೇ ಸರಿಯುತ್ತವೆ. ಖಾಲಿ ಪುಟ ಭಾರವನ್ನು ಹೊರುತ್ತದೆ. ಎರಡು ಪುಟ ಸೇರಿದರೆ ನಾಲ್ಕನೆಯ ಅಧ್ಯಾಯ ೯೯ಕ್ಕೆ ಜಾರಿ, ಕೊನೆಯವರೆಗೂ ಎಲ್ಲ ಸಂಖ್ಯೆಗಳು ಬದಲಾಗುತ್ತವೆ. ೧೬ ಪುಟಗಳ ಫಾರಂನಂತೆ ೧೫ ಫಾರಂಗಳಿಗೆ ಸರಿಹೊಂದಿದ್ದ ೨೪೦ ಪುಟಗಳ ಪುಸ್ತಕವು ೨೪೨ಕ್ಕೆ ಏರಿದರೆ, ಆ ಎರಡು ಪುಟಗಳಿಗಾಗಿ ಮತ್ತೊಂದು ಫಾರಂ ಬೇಕಾಗುತ್ತದೆ. ಮುನ್ನುಡಿ, ಅರಿಕೆಗಳಿಗೆ ಬೇರೆಯಾಗಿ ರೋಮನ್ ಅಂಕಿಗಳನ್ನು ಬಳಸುವ ಪದ್ಧತಿಯ ಪ್ರಯೋಜನವೂ ಇಲ್ಲಿಯೇ ತಿಳಿಯುತ್ತದೆ: ತಡವಾಗಿ ಬಂದ ಮುನ್ನುಡಿಯಿಂದ ಒಳಪುಟಗಳಿಗೆ ಬಾಧಕವಿಲ್ಲ.

ಗಣಕವು ಪುಟದ ಸಂಖ್ಯೆಯನ್ನು ತಾನೇ ಬದಲಿಸುತ್ತದೆ, ನಿಜ. ಆದರೆ ಬರಹದೊಳಗೆ ಕೈಯಾರೆ ಬೆರಳಚ್ಚಿಸಿದ ‘ನೋಡಿ: ಪುಟ ೧೪೨’ ಎಂಬುದು ಅದರ ಪಾಲಿಗೆ ಬರಿಯ ಅಕ್ಷರ, ಅದು ಹಾಗೆಯೇ ಉಳಿಯುತ್ತದೆ. ಪರಿವಿಡಿಯ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಪದಸೂಚಿಯ ತಪ್ಪು ಮಾತ್ರ ವರ್ಷಗಳ ಬಳಿಕ, ಆಕರವನ್ನು ಅರಸಿ ಬಂದ ವಿದ್ಯಾರ್ಥಿಗೆ ಸಿಗಬೇಕಾದುದು ಸಿಗದಾಗ ತಿಳಿಯುತ್ತದೆ. ಅಲ್ಲಿ ಇರುವುದನ್ನೇ ಇಲ್ಲವೆಂದು ಆತ ನಿರ್ಧರಿಸಲೂಬಹುದು.

ಪಂಪಭಾರತವನ್ನು ಆಶ್ವಾಸ ಮತ್ತು ಪದ್ಯಸಂಖ್ಯೆಯಿಂದ ಉಲ್ಲೇಖಿಸುವುದರಿಂದ ಮುದ್ರಣ ಬದಲಾದರೂ ಪದ್ಯವನ್ನು ಹುಡುಕುವುದು ಕಷ್ಟವಲ್ಲ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಶಾಸನಗಳನ್ನು ತಾಲ್ಲೂಕು ಮತ್ತು ಸಂಖ್ಯೆಯಿಂದ ಗುರುತಿಸುವುದು ರೂಢಿ, ೧೯೭೨ರಿಂದ ಮೈಸೂರಿನಲ್ಲಿ ಪರಿಷ್ಕೃತ ಆವೃತ್ತಿ ಹೊರಬರತೊಡಗಿದ ಮೇಲೆ, ಯಾವ ಆವೃತ್ತಿಯ ಸಂಖ್ಯೆ ಎಂಬುದನ್ನೂ ಹೇಳಬೇಕಾಯಿತು. ಸಂಶೋಧನೆಯ ಗದ್ಯಕ್ಕಾದರೋ ಪುಟಸಂಖ್ಯೆಯ ಹೊರತು ಬೇರೆ ವಿಳಾಸವೇ ಇಲ್ಲ.

ಆದುದರಿಂದ ಹೊಸ ಪುಟದ ಪ್ರಶ್ನೆಯನ್ನು ಮುದ್ರಣಾಲಯದ ಅನುಕೂಲಕ್ಕೆ ಮಾತ್ರ ಬಿಡುವುದು ಸರಿಯಲ್ಲ. ದೊರೆತ ಸಾಮಗ್ರಿ ಈಗಾಗಲೇ ಹೇಳಿದ್ದನ್ನು ಸಮರ್ಥಿಸುವುದಷ್ಟೇ ಆದರೆ ಅನುಬಂಧವೇ ಅದಕ್ಕೆ ತಕ್ಕ ಸ್ಥಾನ; ಯಾವ ಪುಟವೂ ಕದಲುವುದಿಲ್ಲ. ತೀರ್ಮಾನವನ್ನೇ ಬದಲಿಸುವಂತಿದ್ದರೆ, ಎಷ್ಟೇ ಪುಟ ಸರಿದರೂ ಅದು ಚರ್ಚೆಯ ನಡುವೆಯೇ ಬರಬೇಕು. ಅದನ್ನು ಅನುಬಂಧಕ್ಕೆ ತಳ್ಳಿ ಹಳೆಯ ತೀರ್ಮಾನವನ್ನು ಹಾಗೆಯೇ ಉಳಿಸಿಕೊಳ್ಳುವುದು ಓದುಗನಿಗೆ ಮಾಡುವ ವಂಚನೆ. ಇಂತಹ ಲೋಪವನ್ನು ಒಪ್ಪೋಲೆಯೂ ತುಂಬಲಾರದು.

ಉಳಿದುದು ಶ್ರಮದ ಮಾತು. ಯಾವ ಪುಟದ ಯಾವ ಸಾಲಿನ ಬಳಿಕ ಎಷ್ಟು ಸೇರಿತೆಂಬುದನ್ನು ಕರಡಚ್ಚಿನ ಮೇಲೆಯೇ ದಿನಾಂಕಸಹಿತ ಬರೆದಿಡಬೇಕು. ಸೇರ್ಪಡೆಯ ಬಳಿಕದ ಒಳ ಉಲ್ಲೇಖಗಳನ್ನೆಲ್ಲ ಒಂದೊಂದಾಗಿ ಒರೆಹಚ್ಚಬೇಕು. ಪುಟಗಳು ಸ್ಥಿರಗೊಂಡ ಮೇಲೆಯೇ ಪದಸೂಚಿಯನ್ನು ಸಿದ್ಧಪಡಿಸಬೇಕು. ಈ ಕೆಲಸವನ್ನು ಯಾವ ವಿಮರ್ಶಕನೂ ಹೊಗಳುವುದಿಲ್ಲ. ಗ್ರಂಥವನ್ನು ಮುಂದೆ ಬಳಸುವವನು ಮಾತ್ರ ಸೂಚಿಸಿದ ಪುಟವನ್ನು ತೆರೆದು, ಬೇಕಾದುದನ್ನು ಅಲ್ಲಿಯೇ ಕಂಡು ಮುಂದುವರಿಯುತ್ತಾನೆ.