ಬತ್ತೇರಿಯ ಬಸದಿಯೂ ಕ್ರಾಮ್‌ವೆಲ್ಲನ ಮುಖವೂ

ನಾಲ್ಕನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಸುಲ್ತಾನ್ ಬತ್ತೇರಿಯ ಜೈನ ಬಸದಿಯನ್ನು ನೋಡಲು ಹೋದ ದಿನವು, ನನ್ನ ಉಪಾಧ್ಯಾಯ ವೃತ್ತಿಯಲ್ಲಿ ನಾನು ನಾಚಿಕೆಪಟ್ಟುಕೊಂಡ ದಿನಗಳಲ್ಲಿ ಒಂದು. ಅದನ್ನು ಇಲ್ಲಿ ಬರೆಯುವುದಕ್ಕೆ ಕಾರಣ, ನನ್ನಂತೆಯೇ ಸೀಮೆಸುಣ್ಣ ಹಿಡಿದ ಇತರರಿಗೂ ಅಂತಹ ದಿನವೊಂದು ಬಂದಿರಬಹುದೆಂಬ ನಂಬಿಕೆಯೇ ಆಗಿದೆ.

ಮಂಗಳೂರಿನ ಬೋಳೂರಿನಲ್ಲಿ ನದಿಯ ದಂಡೆಯ ಮೇಲಿರುವ ಸುಲ್ತಾನ್ ಬತ್ತೇರಿಯನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರುತ್ತಾರೆ. ನಾನು ಹೇಳುತ್ತಿರುವುದು ವಯನಾಡಿನ ಬತ್ತೇರಿಯನ್ನು. ಇಲ್ಲಿ ಪೇಟೆಯ ನಡುವೆ, ರಸ್ತೆಯ ಮಗ್ಗುಲಲ್ಲಿಯೇ, ಕರಿಗಲ್ಲಿನ ಬಸದಿಯೊಂದು ನಿಂತಿದೆ. ಸುಮಾರು 13ನೆಯ ಶತಮಾನದ್ದೆಂದು ಬಲ್ಲವರು ಹೇಳುತ್ತಾರೆ. ಈಗ ಅದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಆ ಕಾಲದಲ್ಲಿ ಈ ಊರಿಗೆ ‘ಹನ್ನೆರಡು ಬೀದಿ’ ಎಂಬ ಹೆಸರಿತ್ತಂತೆ. ಕನ್ನಡಿಗನಾದವನಿಗೆ ಆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಣಪತಿವಟ್ಟಂ ಎಂಬುದು ಅದರ ಇನ್ನೊಂದು ಹಳೆಯ ಹೆಸರು. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರಿನ ಟಿಪ್ಪು ಸುಲ್ತಾನನು ಈ ಬಸದಿಯನ್ನು ಮದ್ದುಗುಂಡುಗಳ ಉಗ್ರಾಣವನ್ನಾಗಿ ಬಳಸಿದನು. ಅಂದಿನಿಂದ ಊರು ಸುಲ್ತಾನನ ಬತ್ತೇರಿಯಾಯಿತು. ಹನ್ನೆರಡು ಬೀದಿಗಳು ಜನರ ಬಾಯಿಂದ ಮರೆಯಾದವು.

ಇಷ್ಟನ್ನು ನಾನು ಮಕ್ಕಳಿಗೆ ಹೇಳಿ ಮುಗಿಸಿದೆ. ಮನೆಯಲ್ಲಿ ಕನ್ನಡವಾಡುವ ಜೈನ ಕುಟುಂಬದ ಹುಡುಗಿಯೊಬ್ಬಳು ಕಂಬದ ಕೆತ್ತನೆಯ ಮೇಲೆ ಬೆರಳಾಡಿಸುತ್ತ, “ಮಾಷೇ, ದೇವರ ಗುಡಿಯಲ್ಲಿ ಮದ್ದು ತುಂಬಿದವನು ಕೆಟ್ಟವನಲ್ಲವೇ?” ಎಂದು ಕೇಳಿದಳು. ಅವಳ ಪಕ್ಕದಲ್ಲಿಯೇ ನಿಂತಿದ್ದ ಇನ್ನೊಬ್ಬ ಹುಡುಗನ ಮುಖ ಕೆಂಪಾಯಿತು. ಅವನ ಮನೆಯ ಗೋಡೆಯ ಮೇಲೆ ಸುಲ್ತಾನನ ಚಿತ್ರವೊಂದು ತೂಗುತ್ತಿರುವುದನ್ನು ನಾನು ಬಲ್ಲೆ. “ಸುಲ್ತಾನ ಇಂಗ್ಲಿಷರ ಕೂಡೆ ಹೋರಾಡಿ ಸತ್ತವನು. ಅಲ್ಲವೇ ಮಾಷೇ?” ಎಂದು ಅವನು ನನ್ನನ್ನೇ ನೋಡಿದನು. ಉಳಿದ ಇಪ್ಪತ್ತು ಜೋಡಿ ಕಣ್ಣುಗಳೂ ನನ್ನ ಕಡೆಗೆ ತಿರುಗಿದವು. ನಾನು ಗಡಿಯಾರವನ್ನು ನೋಡಿಕೊಂಡು, “ಬಸ್ಸಿಗೆ ಹೊತ್ತಾಯಿತು, ಸಾಲಾಗಿ ನಿಲ್ಲಿರಿ” ಎಂದೆ. ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆಯಿತ್ತು.

ಭಯವಾಯಿತೆಂಬುದೇ ನಿಜ. 2024ರ ಲೋಕಸಭಾ ಚುನಾವಣೆಯ ಸಮಯದಲ್ಲಿ ಈ ಊರಿನ ಹೆಸರನ್ನೇ ಬದಲಾಯಿಸಬೇಕೆಂಬ ಮಾತು ಎದ್ದು, ಚಹದ ಅಂಗಡಿಗಳಲ್ಲಿ ನೆರೆಹೊರೆಯವರು ಮುಖ ತಿರುಗಿಸಿಕೊಂಡುದನ್ನು ಕಂಡವನು ನಾನು. ದೊಡ್ಡವರೇ ಜಗಳವಾಡುವ ಸಂಗತಿಯನ್ನು ಮಕ್ಕಳ ಮುಂದೆ ಬಿಚ್ಚುವುದೇಕೆ ಎಂದು ಆ ಕ್ಷಣದಲ್ಲಿ ಮನಸ್ಸು ನೆಪ ಹೇಳಿತು.

ಅಂದು ರಾತ್ರಿ ನಿದ್ರೆ ಹತ್ತಲಿಲ್ಲ. ಶಿಕ್ಷಕರ ತರಬೇತಿಯ ದಿನಗಳಲ್ಲಿ ಕೊಂಡಿದ್ದ ಇಂಗ್ಲೆಂಡಿನ ಇತಿಹಾಸದ ಹಳೆಯ ಪುಸ್ತಕವೊಂದು ಕಪಾಟಿನಲ್ಲಿತ್ತು. ಪರದೇಶದ ಕಥೆಯಾದರೂ ಓದಿ ಮನಸ್ಸನ್ನು ಬೇರೆ ಕಡೆಗೆ ಹರಿಸೋಣವೆಂದು ತೆಗೆದರೆ, ತೆರೆದುಕೊಂಡದ್ದು ಆಲಿವರ್ ಕ್ರಾಮ್‌ವೆಲ್ಲನ ಅಧ್ಯಾಯ!

ಈತನು 1599ರಲ್ಲಿ ಹಂಟಿಂಗ್ಡನ್ ಎಂಬ ಸಣ್ಣ ಪೇಟೆಯಲ್ಲಿ ಹುಟ್ಟಿದವನು. ಪೂಜೆಯಲ್ಲಿ ಆಡಂಬರವೂ ಬಾಳಿನಲ್ಲಿ ಭೋಗವೂ ಇರಕೂಡದೆಂಬ ಪ್ಯೂರಿಟನ್ ಪಂಥಕ್ಕೆ ಸೇರಿದವನು. ನಲವತ್ತು ದಾಟಿದ ಮೇಲೆ ಕತ್ತಿ ಹಿಡಿದ ಈ ಗೃಹಸ್ಥನು ಶಿಸ್ತಿನ ಕುದುರೆಪಡೆಯನ್ನು ಕಟ್ಟಿ, 1645ರಲ್ಲಿ ನೇಸ್‌ಬಿಯ ಯುದ್ಧದಲ್ಲಿ ದೊರೆಯ ಸೈನ್ಯವನ್ನು ಮುರಿಯುವುದಕ್ಕೆ ಕಾರಣನಾದನು. 1649ರ ಜನವರಿ 30ರಂದು ಒಂದನೆಯ ಚಾರ್ಲ್ಸ್ ದೊರೆಯ ಶಿರಚ್ಛೇದವಾಯಿತು. ಆ ಮರಣಶಾಸನಕ್ಕೆ ರುಜು ಹಾಕಿದವರಲ್ಲಿ ಕ್ರಾಮ್‌ವೆಲ್ಲನೂ ಒಬ್ಬನು. 1653ರಲ್ಲಿ ‘ಲಾರ್ಡ್ ಪ್ರೊಟೆಕ್ಟರ್’, ಎಂದರೆ ರಾಜ್ಯರಕ್ಷಕ, ಎಂಬ ಪದವಿಯನ್ನೇರಿದನು. 1657ರಲ್ಲಿ ಪಾರ್ಲಿಮೆಂಟು ಕಿರೀಟವನ್ನೇ ನೀಡಲು ಬಂದಾಗ ಬೇಡವೆಂದನು. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಹೊರಗಟ್ಟಲ್ಪಟ್ಟಿದ್ದ ಯೆಹೂದ್ಯರು ಇಂಗ್ಲೆಂಡಿನಲ್ಲಿ ಮತ್ತೆ ನೆಲಸಲು ಎಡೆ ದೊರೆತುದೂ ಇವನ ಕಾಲದಲ್ಲಿಯೇ.

ಆದರೆ ಅದೇ ಕೈ 1649ರಲ್ಲಿ ಐರ್ಲೆಂಡಿನ ಡ್ರೊಗೆಡಾ ಪಟ್ಟಣದಲ್ಲಿ ಸಾವಿರಾರು ಜನರ ಹತ್ಯೆಗೆ ಅಪ್ಪಣೆ ಕೊಟ್ಟಿತು. ಇವನ ಪಕ್ಷದ ಸೈನಿಕರು ಲಂಡನ್ನಿನ ಸೇಂಟ್ ಪಾಲ್ ಮಹಾಮಂದಿರವನ್ನು ಕುದುರೆಯ ಲಾಯ ಮಾಡಿಕೊಂಡರು. ಈ ವಾಕ್ಯವನ್ನು ಓದಿದಾಗ ನಾನು ಪುಸ್ತಕವನ್ನು ಕೆಳಗಿಟ್ಟೆ. ಬತ್ತೇರಿಯ ಕಂಬದ ಮೇಲಿದ್ದ ಆ ಪುಟ್ಟ ಬೆರಳುಗಳು ಕಣ್ಣ ಮುಂದೆ ಬಂದವು.

ಇಬ್ಬರನ್ನೂ ಹೋಲಿಸಿ ನೋಡುತ್ತ ಹೋದೆ. ಕ್ರಾಮ್‌ವೆಲ್ಲನ ಆಳ್ವಿಕೆಯಲ್ಲಿ ಕೋಳಿ ಅಂಕಕ್ಕೆ ನಿಷೇಧ ಬಂತು, ಹೆಂಡದಂಗಡಿಗಳ ಮೇಲೆ ಸೇನಾಧಿಪತಿಗಳ ಕಣ್ಣು ಬಿತ್ತು. ಟಿಪ್ಪುವು 1787ರಲ್ಲಿ ಮೀರ್ ಸಾದಿಕನಿಗೆ ಪತ್ರ ಬರೆದು, ಬೊಕ್ಕಸಕ್ಕೆ ನಷ್ಟವಾದರೂ ಸರಿಯೇ, ಪಾನನಿಷೇಧವಾಗಬೇಕೆಂದನು. ಮಲಬಾರಿನ ಜನರ ವಿವಾಹಪದ್ಧತಿಯನ್ನೂ ತಿದ್ದಹೊರಟನು. ತನಗೆ ಸರಿಯೆಂದು ಕಂಡುದನ್ನು ದೇವರ ಇಚ್ಛೆಯೆಂದು ತಿಳಿದು ಜನರ ಮೇಲೆ ಹೇರುವ ಗುಣ ಇಬ್ಬರಲ್ಲಿಯೂ ಇತ್ತು. ಒಬ್ಬನು ಸಿಂಹಾಸನವನ್ನು ಉರುಳಿಸಿದವನು, ಇನ್ನೊಬ್ಬನು ಸಿಂಹಾಸನದ ಮೇಲೆಯೇ ಕುಳಿತವನು ಎಂಬ ಭೇದವೂ ಇದೆ. ಕ್ರಾಮ್‌ವೆಲ್ಲನು 1658ರ ಸೆಪ್ಟೆಂಬರ್ 3ರಂದು ಹಾಸಿಗೆಯ ಮೇಲೆ ಸತ್ತನು. ದೊರೆತನ ಮರಳಿದ ಮೇಲೆ, 1661ರಲ್ಲಿ, ವೈರಿಗಳು ಅವನ ಹೆಣವನ್ನು ತೋಡಿ ತೆಗೆದು ಗಲ್ಲಿಗೇರಿಸಿದರು! ಟಿಪ್ಪುವಾದರೋ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತ ಮಡಿದನು.

ಸತ್ತ ಮೇಲೆಯೂ ಇಬ್ಬರಿಗೂ ನೆಮ್ಮದಿಯಿಲ್ಲ. 1899ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಬಳಿ ಕ್ರಾಮ್‌ವೆಲ್ಲನ ಪ್ರತಿಮೆ ನಿಂತಿತು. ಅದಕ್ಕೆ ಸರ್ಕಾರದ ಹಣ ಸಲ್ಲದೆಂದು ಐರ್ಲೆಂಡಿನ ಸದಸ್ಯರು ಮೊದಲೇ ತಡೆದುದರಿಂದ, ಖಾಸಗಿ ಹಣದಿಂದಲೇ ಅದು ಆಗಬೇಕಾಯಿತು. ನಮ್ಮಲ್ಲಿ, 2015ರಿಂದ ಕರ್ನಾಟಕ ಸರ್ಕಾರವು ನಡೆಸುತ್ತಿದ್ದ ಟಿಪ್ಪು ಜಯಂತಿಗೆ ಕೊಡಗಿನಲ್ಲಿ ತೀವ್ರ ವಿರೋಧ ಬಂತು. 2019ರಲ್ಲಿ ಅದು ರದ್ದಾಯಿತು. ಮರಾಠರ ಸೇನೆ 1791ರಲ್ಲಿ ಶೃಂಗೇರಿಯ ಮಠವನ್ನು ಸೂರೆ ಮಾಡಿದಾಗ, ಅಲ್ಲಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು ನೆರವು ಕಳುಹಿಸಿದವನು ಟಿಪ್ಪು. ಕೊಡಗಿನವರನ್ನೂ, 1784ರಲ್ಲಿ ಮಂಗಳೂರು ಸೀಮೆಯ ಕ್ರೈಸ್ತರನ್ನೂ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆಸಿದವನೂ ಅವನೇ. ಒಂದು ಸಂಗತಿಯನ್ನು ಹಿಡಿದವರು ಇನ್ನೊಂದನ್ನು ಸುಳ್ಳೆನ್ನುತ್ತಾರೆ. ಎರಡೂ ನಿಜವೆಂಬುದೇ ಹೊತ್ತುಕೊಳ್ಳಲು ಭಾರವಾದ ಮಾತು.

ಆ ಪುಸ್ತಕದ ಅಧ್ಯಾಯದ ಕೊನೆಯಲ್ಲಿ ಒಂದು ಕಥೆಯಿತ್ತು. ತನ್ನ ಚಿತ್ರ ಬರೆಯಲು ಬಂದ ಲೆಲಿ ಎಂಬ ಕಲಾವಿದನಿಗೆ ಕ್ರಾಮ್‌ವೆಲ್ಲನು, ಮುಖದ ಮೇಲಿನ ನರಹುಲಿಗಳನ್ನೂ ಬಿಡದೆ ಇದ್ದುದನ್ನು ಇದ್ದಂತೆ ಬರೆಯತಕ್ಕದ್ದೆಂದು ಹೇಳಿದನಂತೆ. ನೂರು ವರ್ಷಗಳ ಅನಂತರ ಬರೆದಿಟ್ಟ ಕಥೆ, ಅವನು ಹಾಗೆ ಹೇಳಿದ್ದನೋ ಇಲ್ಲವೋ. ಆದರೆ ಅವನ ಚಿತ್ರಗಳಲ್ಲಿ ನರಹುಲಿಗಳಿವೆ. ಮಕ್ಕಳ ಮುಂದೆ ನಾನು ಮಾಡಿದ್ದೇನು? ನರಹುಲಿಯನ್ನು ಅಳಿಸುವ ಧೈರ್ಯವೂ ಇಲ್ಲದೆ, ಮುಖ ಬರೆಯುವ ಧೈರ್ಯವೂ ಇಲ್ಲದೆ, ಹಾಳೆಯನ್ನೇ ಮಡಚಿಟ್ಟಿದ್ದೆ.

ಮರುದಿನ ತರಗತಿಯಲ್ಲಿ ಮೊದಲು ಮಕ್ಕಳ ಕ್ಷಮೆ ಕೇಳಿದೆ. “ನಿನ್ನೆ ಬಸ್ಸಿಗೆ ಹೊತ್ತಾಗಿರಲಿಲ್ಲ. ನನಗೆ ಉತ್ತರ ಹೇಳಲು ಹೆದರಿಕೆಯಾಗಿತ್ತು” ಎಂದೆ. ಅವರು ನಕ್ಕರು. ಕರಿಹಲಗೆಯ ನಡುವೆ ಗೆರೆ ಎಳೆದು, ಒಂದು ಪಕ್ಕದಲ್ಲಿ ಸುಲ್ತಾನನಿಂದ ಜನಕ್ಕಾದ ಒಳಿತನ್ನೂ ಇನ್ನೊಂದು ಪಕ್ಕದಲ್ಲಿ ನೋವನ್ನೂ ನಾನು ಬಲ್ಲಷ್ಟು ಹೇಳಿದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಬರೆದರು. ಬಸದಿಯ ಸಂಗತಿ ಬಂದಾಗ ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ಹುಡುಗನೇ ಎದ್ದು ಬಂದು, ಓರೆಯಾದ ಅಕ್ಷರಗಳಲ್ಲಿ ‘ಗುಡಿಯಲ್ಲಿ ಮದ್ದು ಇಟ್ಟನು’ ಎಂದು ನೋವಿನ ಪಕ್ಕದಲ್ಲಿ ಬರೆದು ಕೂತನು. ಹುಡುಗಿ ಅದನ್ನೇ ನೋಡುತ್ತಿದ್ದಳು. ಬಳಿಕ, “ಈಗ ಕೂಡಿಸಿ ಕಳೆಯುವುದೇ ಮಾಷೇ?” ಎಂದಳು.

“ಇಲ್ಲ ಮಗೂ, ಇದು ಲೆಕ್ಕದ ಪಾಠವಲ್ಲ. ಎರಡೂ ಹಾಗೆಯೇ ಇರಲಿ” ಎಂದೆ.

ಸಂಜೆ ಗಂಟೆ ಹೊಡೆದ ಮೇಲೂ ನಾನು ಹಲಗೆಯನ್ನು ಒರಸಲಿಲ್ಲ.