ಮೂಳೆಯ ಕತ್ತು

ಅರಸೀಕೆರೆ ತಾಲ್ಲೂಕಿನ ಹಳ್ಳಿಯೊಂದರ ತೆಂಗಿನ ತೋಟದಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರು ಕಾಲು ಜಾರಿ ಬಿದ್ದರು. ಪಟ್ಟಣದಲ್ಲಿ ಎಕ್ಸ್‌ರೇ ತೆಗೆಸಿದ್ದಾಯಿತು. ವರದಿಯಲ್ಲಿದ್ದುದು ಒಂದೇ ಸಾಲು: ‘ಫ್ರ್ಯಾಕ್ಚರ್ ನೆಕ್ ಆಫ್ ಫೀಮರ್’. ಹಾಸನಕ್ಕೆ ಕರೆದೊಯ್ಯಿರಿ ಎಂದಷ್ಟೇ ಹೇಳಿ ವೈದ್ಯರು ಮುಂದಿನ ರೋಗಿಯತ್ತ ತಿರುಗಿದರು. ಹತ್ತನೆಯ ತರಗತಿಯವರೆಗೆ ಓದಿದ್ದ ಮಗನಿಗೆ ‘ನೆಕ್’ ಎಂಬ ಪದ ಗೊತ್ತಿತ್ತು. ತಾಯಿಗೆ ನೋವಿದ್ದುದು ತೊಡೆಯ ಸಂದಿನಲ್ಲಿ, ಚೀಟಿಯಲ್ಲಿದ್ದುದು ಕತ್ತು. ಬೇರೆ ಯಾರದೋ ವರದಿ ಕೈಗೆ ಬಂದಿದೆಯೆಂದು ಆತ ತೀರ್ಮಾನಿಸಿ, ತಾಯಿಯನ್ನು ಮನೆಗೆ ಕರೆತಂದು ಬಿದಿರಿನ ಪಟ್ಟಿ ಕಟ್ಟಿಸಿದ. ನಾಲ್ಕು ದಿನಗಳು ಹೀಗೆಯೇ ಕಳೆದವು.

ಐದನೆಯ ದಿನ ಊರಿಗೆ ಬಂದ ಮೊಮ್ಮಗಳು ಕನ್ನಡ ಎಂ.ಎ. ವಿದ್ಯಾರ್ಥಿನಿ. ವರದಿ ಓದಿದವಳೇ, “ಮಾವ, ಇದು ಅಜ್ಜಿಯ ಕತ್ತಲ್ಲ, ತೊಡೆಮೂಳೆಯ ಕತ್ತು” ಎಂದಳು.

“ಮೂಳೆಗೂ ಕತ್ತಿರುತ್ತದೇನೆ?”

“ಅರಸೀಕೆರೆ ಶಿವಾಲಯದ ಶಿಖರಕ್ಕಿಲ್ಲವೇ?”

ಉತ್ತರ ತಮಾಷೆಯಂತೆ ಕೇಳಿಸಿದರೂ ಅದರಲ್ಲಿ ಶಾಸ್ತ್ರವಿತ್ತು. ನಮ್ಮ ವಾಸ್ತುಪರಿಭಾಷೆ ದೇಹದಿಂದಲೇ ಕಡತಂದ ಭಾಷೆ. ಗರ್ಭಗೃಹದಲ್ಲಿ ಗರ್ಭವಿದೆ, ಗೋಡೆಗೆ ಜಂಘೆಯೆಂಬ ಹೆಸರಿದೆ, ಎಂದರೆ ಮೊಣಕಾಲಿನ ಕೆಳಗಿನ ಭಾಗ, ಹೊಯ್ಸಳ ಗುಡಿಗಳ ಸುಕನಾಸಿ ಗಿಳಿಯ ಮೂಗು, ಶಿಖರದ ಕೆಳಗೆ ಗ್ರೀವವಿದೆ, ಅದು ಕತ್ತು. 1117ರ ಬೇಲೂರಿನ ಚೆನ್ನಕೇಶವನಿಗೂ ಹಳೇಬೀಡಿನ ಹೊಯ್ಸಳೇಶ್ವರನಿಗೂ ಇಂದು ಶಿಖರಗಳಿಲ್ಲ. ಆದ್ದರಿಂದ ಅಲ್ಲಿಗೆ ಪ್ರವಾಸ ಹೋದ ವಿದ್ಯಾರ್ಥಿಗಳಿಗೆ ಗ್ರೀವವನ್ನು ಬೆರಳಿಟ್ಟು ತೋರಿಸಲಾಗದು. ಅರಸೀಕೆರೆಯಲ್ಲಿ ಅದು ಕಣ್ಣೆದುರಿಗೇ ಇದೆ. ಅದೇ ಊರಿನಲ್ಲಿ ರೇಚರಸ 1220ರಲ್ಲಿ ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಇದೆ; ಶಿವಾಲಯ ನೋಡಿ ಹಿಂತಿರುಗುವವರು ಅದನ್ನು ಮರೆಯುವುದೇ ಹೆಚ್ಚು.

ಅಂಗರಚನಾಶಾಸ್ತ್ರವೂ ಹೀಗೆಯೇ ಒಂದು ಅಂಗದ ಹೆಸರನ್ನು ಇನ್ನೊಂದಕ್ಕೆ ಕೊಡುತ್ತದೆ. ತೊಡೆಮೂಳೆಗೆ ಸೊಂಟದ ಕುಳಿಯಲ್ಲಿ ಕೂರುವ ದುಂಡನೆಯ ತಲೆಯಿದೆ. ತಲೆಯನ್ನು ದಂಡಕ್ಕೆ ಸೇರಿಸುವ ಸಪೂರ ಭಾಗ ಕತ್ತು. ತಲೆಗೆ ಹೋಗುವ ರಕ್ತ ಬಹುಮಟ್ಟಿಗೆ ಈ ಕತ್ತನ್ನು ಹಾದೇ ಹೋಗಬೇಕು. ಅದು ಮುರಿದು ಸರಿದರೆ ತಲೆ ಒಣಗತೊಡಗುತ್ತದೆ. ವರದಿಯ ಒಂದು ಪದ ಅರ್ಥವಾಗದೆ ಕಳೆದ ನಾಲ್ಕು ದಿನಗಳ ಬೆಲೆ ಅದು.

ಕನ್ನಡಕ್ಕೆ ಈ ಶಾಸ್ತ್ರ ಹೊಸದಲ್ಲ. 12ನೆಯ ಶತಮಾನದಲ್ಲಿ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಜಗದ್ದಳ ಸೋಮನಾಥ ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯಾಗಿ ಕನ್ನಡಕ್ಕೆ ತಂದ. 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯದ ಗ್ರಂಥ. ಮೂವರೂ ಜೈನರು. ಸಾಹಿತ್ಯಚರಿತ್ರೆಯ ಪಾಠದಲ್ಲಿ ಇವರಿಗೆ ಸಿಗುವುದು ಒಂದೊಂದು ಸಾಲು. ‘ಶಾಸ್ತ್ರಗ್ರಂಥ’ವೆಂದು ಬದಿಗಿಟ್ಟು ಅಧ್ಯಾಪಕರು ಚಂಪೂವಿನತ್ತ ನಡೆಯುತ್ತಾರೆ. ಇದು ನ್ಯಾಯವಲ್ಲ.

ಈ ಗ್ರಂಥಗಳನ್ನು ಓದುವ ಸಂಶೋಧಕನಿಗೂ ಆ ಮಗನ ಎಡವಟ್ಟು ತಪ್ಪಿದ್ದಲ್ಲ. ಇಂದಿನ ಶಾಲಾಪುಸ್ತಕದಲ್ಲಿ ಗುಲ್ಮವೆಂದರೆ ರಕ್ತಕ್ಕೆ ಸಂಬಂಧಿಸಿದ ಒಂದು ಅಂಗ. ಪ್ರಾಚೀನ ವೈದ್ಯದಲ್ಲಿ ಆ ಅಂಗದ ಹೆಸರು ಪ್ಲೀಹ. ಗುಲ್ಮವೆಂಬುದು ಹೊಟ್ಟೆಯಲ್ಲಿ ಗಂಟು ಕಟ್ಟುವ ರೋಗ. ಹಳೆಯ ಪದ್ಯದ ‘ಗುಲ್ಮ’ಕ್ಕೆ ಇಂದಿನ ಅರ್ಥ ಹಚ್ಚಿದರೆ ಆರೋಗ್ಯವಂತನಿಗೂ ಕಾಯಿಲೆ ಅಂಟುತ್ತದೆ. ‘ಕ್ಷಯ’ದ ಕಥೆ ಇನ್ನೂ ಸೊಗಸು: ಆಸ್ಪತ್ರೆಯಲ್ಲಿ ಎದೆ ನಡುಗಿಸುವ ಪದ, ಬಸದಿಯಲ್ಲಿ ಕರ್ಮಕ್ಷಯವಾಗಿ ಬೇಡಿಕೊಳ್ಳುವ ಪದ. ಸವೆಯುವುದು ಎಂಬ ಮೂಲಾರ್ಥ ಎರಡರಲ್ಲೂ ಒಂದೇ. ಸವೆಯುವ ವಸ್ತು ಯಾವುದೆಂಬುದರ ಮೇಲೆ ಭಯವೋ ಭಕ್ತಿಯೋ ನಿರ್ಧಾರವಾಗುತ್ತದೆ.

ಹೊಸ ಪದಗಳನ್ನು ಕಟ್ಟಿದವರಲ್ಲಿ ಜಾಣರೂ ಇದ್ದರು. ‘ಉರಿಯೂತ’ವನ್ನು ನೋಡಬೇಕು, ಉರಿಯೂ ಇದೆ, ಊತವೂ ಇದೆ, ನಿಘಂಟು ಬೇಡ. ‘ಮೇದೋಜೀರಕ’ಕ್ಕೆ ಮಾತ್ರ ನಿಘಂಟು ತೆರೆದರೂ ಸಾಲದು.

ಅಜ್ಜಿಗೆ ಹಾಸನದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮುರಿದ ಕತ್ತನ್ನು ಕೂಡಿಸುವ ಕಾಲ ಮೀರಿತ್ತು. ಮೂಳೆಯ ತಲೆಯನ್ನೇ ತೆಗೆದು ಲೋಹದ ತಲೆ ಕೂರಿಸಿದರು. ಬಿಡುಗಡೆಯ ಚೀಟಿಯಲ್ಲಿ ‘ಹೆಮಿಆರ್ಥ್ರೋಪ್ಲಾಸ್ಟಿ’ ಎಂದು ಬರೆದಿತ್ತು. ಮಗ ಈ ಸಲ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ನಿಂತು ಸೋದರ ಸೊಸೆಗೆ ಫೋನು ಮಾಡಿದ.

“ಹೆಮಿ ಅಂದರೆ ಏನೇ?”

“ಅರ್ಧ ಅಂತ, ಮಾವ. ಕೀಲಿನ ಅರ್ಧ ಭಾಗ ಮಾತ್ರ ಹೊಸದು.”

“ಇನ್ನರ್ಧ?”

“ಅದು ಅಜ್ಜಿಯದೇ.”