ಹಳೆಯ ಯಂತ್ರ, ಬದಲಿ ಕಾರ್ಡು

ಕುಂಬಳೆಯ ಸಮೀಪದ ಆ ಮನೆಯ ಯಜಮಾನರು ದಸ್ತಾವೇಜು ಬರಹಗಾರರು. ಕ್ರಯಪತ್ರ, ದಾನಪತ್ರ, ಪಾಲುಪಟ್ಟಿಗಳನ್ನು ಬರೆದೇ ಮೂವತ್ತು ವರ್ಷ ಸಂಸಾರ ನಡೆಸಿದವರು. ಕಾಸರಗೋಡು 1956ರ ನವೆಂಬರಿನಲ್ಲಿ ಕೇರಳಕ್ಕೆ ಸೇರುವ ಮೊದಲಿನ ಕನ್ನಡ ದಾಖಲೆಗಳನ್ನು ಓದಿ ಅರ್ಥ ಹೇಳಬೇಕಾದಾಗ ಜನ ಇಂದಿಗೂ ಅವರನ್ನು ಹುಡುಕಿಕೊಂಡು ಬರುತ್ತಾರೆ. ಅವರ ಮಗ ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿತು, ಈಗ ಮಂಗಳೂರಿನಲ್ಲಿ ವಾಸ್ತುಶಿಲ್ಪದ ಕೊನೆಯ ವರ್ಷದ ವಿದ್ಯಾರ್ಥಿ.

ಮಗನ ಬಳಿ ಇದ್ದುದು ಡೆಲ್ ಪ್ರಿಸಿಷನ್ ಎಂ6700 ಎಂಬ ಲ್ಯಾಪ್‌ಟಾಪ್. 2012ರ ಮಾದರಿ, ಹದಿನೇಳು ಇಂಚಿನ ಪರದೆ, ಮೂರೂವರೆ ಕಿಲೋ ತೂಕ. ಎಂಜಿನಿಯರುಗಳ ಕೆಲಸಕ್ಕೆಂದೇ ಮಾಡಿದ ಗಟ್ಟಿಯಾದ ಯಂತ್ರವನ್ನು ಅವನು ಮೂರು ವರ್ಷಗಳ ಹಿಂದೆ ಬಳಸಿದ ಮಾಲಾಗಿ ಕೊಂಡಿದ್ದ. ಅಂತಿಮ ವರ್ಷದ ಯೋಜನೆಗೆ ಅವನು ಆರಿಸಿಕೊಂಡದ್ದು ತಾನು ಕಲಿತ ಶಾಲೆಯ ಹಳೆಯ ಕಟ್ಟಡವನ್ನು. ಮುರಕಲ್ಲಿನ ಗೋಡೆ, ಹಂಚಿನ ಮಾಡು. ಒಂದೊಂದು ಹಂಚನ್ನೂ ಮೂರು ಆಯಾಮಗಳಲ್ಲಿ ರಚಿಸಿ ಇಡೀ ಮಾಡನ್ನು ಹೊದಿಸಿದಾಗ ಯಂತ್ರ ಕೈಚೆಲ್ಲಿತು. ಅದರಲ್ಲಿದ್ದ ಕ್ವಾಡ್ರೋ ಕೆ3000ಎಂ ಗ್ರಾಫಿಕ್ಸ್ ಕಾರ್ಡಿನ ನೆನಪುಶಕ್ತಿ ಎರಡು ಗಿಗಾಬೈಟ್ ಮಾತ್ರ. ಒಂದು ಚಿತ್ರ ಮೂಡಲು ರಾತ್ರಿಯಿಡೀ ಕಾಯಬೇಕಾಯಿತು. ಯೋಜನೆ ಒಪ್ಪಿಸಲು ಉಳಿದಿದ್ದುದು ಏಳು ವಾರ. ಹೊಸ ಯಂತ್ರಕ್ಕೆ ಲಕ್ಷಕ್ಕೂ ಮೇಲೆ ಬೇಕು. ಆ ಮಾತನ್ನು ತಂದೆಯ ಮುಂದೆ ಆಡುವ ಧೈರ್ಯ ಅವನಿಗಿರಲಿಲ್ಲ.

ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಚಿಪ್ಪನ್ನು ಮುಖ್ಯ ಫಲಕಕ್ಕೇ ಬೆಸೆದಿರುತ್ತಾರೆ, ಅದನ್ನು ಬದಲಿಸುವಂತಿಲ್ಲ. ಈ ಬಗೆಯ ಕೆಲವು ಯಂತ್ರಗಳಲ್ಲಿ ಮಾತ್ರ ಅದು ಎಂಎಕ್ಸ್‌ಎಂ ಎಂಬ ಪ್ರತ್ಯೇಕ ಹಲಗೆಯ ಮೇಲಿರುತ್ತದೆ. ಈ ಹಲಗೆಯಲ್ಲಿ ಎರಡು ಅಳತೆಗಳುಂಟು: ಚಿಕ್ಕದು 82ಕ್ಕೆ 70 ಮಿಲಿಮೀಟರ್, ದೊಡ್ಡದು 82ಕ್ಕೆ 105. ಆದರೆ ಅಳತೆ ಹೊಂದಿದರೆ ಸಾಲದು. ವಿದ್ಯುತ್ತು, ಶಾಖ ಹೀರುವ ತಾಮ್ರದ ಪಟ್ಟಿ, ಕಾರ್ಡಿನೊಳಗಿನ ಮೂಲ ತಂತ್ರಾಂಶ ಎಲ್ಲವೂ ಹೊಂದಬೇಕು. ಮಗ ಮೊದಲು ಯೋಚಿಸಿದ್ದು ಆ ಯಂತ್ರದೊಡನೆ ಕಂಪನಿಯೇ ಕೊಡುತ್ತಿದ್ದ ಕೆ5000ಎಂ ಕಾರ್ಡನ್ನು. ಅದು ನೂರು ವಾಟ್ ಬೇಡುತ್ತದೆ. ಜೊತೆಗೆ ಎನ್ವಿಡಿಯಾ ಕಂಪನಿ ಆ ಪೀಳಿಗೆಯ ಚಿಪ್ಪುಗಳನ್ನು 2021ರಲ್ಲೇ ತನ್ನ ಹೊಸ ಡ್ರೈವರುಗಳಿಂದ ಕೈಬಿಟ್ಟಿದೆ. ಮುಂದಿನ ಪೀಳಿಗೆಯ ಎಂ3000ಎಂ ಕಾರ್ಡಿಗಾದರೋ ಹಳೆಯದರಷ್ಟೇ, ಅಂದರೆ 75 ವಾಟ್ ಸಾಕು. ನೆನಪುಶಕ್ತಿ ನಾಲ್ಕು ಗಿಗಾಬೈಟ್. ಗಣನೆಯ ಘಟಕಗಳು 576ರ ಬದಲು 1024. ಡೆಲ್‌ನದೇ 7710 ಮಾದರಿಯಿಂದ ಬಿಚ್ಚಿದ ಕಾರ್ಡಾದರೆ ಮೂಲ ತಂತ್ರಾಂಶವೂ ಹೊಂದುವ ಸಂಭವ ಹೆಚ್ಚು. ಅಂಥದೊಂದು ಬೆಂಗಳೂರಿನ ಒಂದು ಅಂಗಡಿಯಲ್ಲಿ ಹನ್ನೊಂದು ಸಾವಿರಕ್ಕೆ ಸಿಕ್ಕಿತು.

ಹೊರಡುವ ಮುನ್ನ ತಂದೆ ಹೇಳಿದ್ದು ಒಂದೇ ಮಾತು: "ಕಾಗದ ಇಲ್ಲದೆ ಹಣ ಕೊಡಬೇಡ. ವಸ್ತುವಿನ ನಂಬ್ರ, ತಾರೀಕು, ಕೆಟ್ಟರೆ ಏನು ಎಂಬುದು ಅದರಲ್ಲಿರಲಿ." ಮಗ ನಕ್ಕನಾದರೂ ಹಾಗೆಯೇ ಬರೆಯಿಸಿಕೊಂಡ. ಹದಿನೈದು ದಿನಗಳೊಳಗೆ ಕೆಟ್ಟರೆ ಬದಲಿ ಎಂದು ಅಂಗಡಿಯವನೇ ಬರೆದು ಸಹಿ ಹಾಕಿದ.

ಮನೆಗೆ ಬಂದು ಬ್ಯಾಟರಿ ತೆಗೆದು, ತಳದ ಮುಚ್ಚಳ, ಕೀಬೋರ್ಡು, ಅಂಗೈ ಊರುವ ಫಲಕಗಳನ್ನು ಬಿಚ್ಚಿ, ಸ್ಕ್ರೂಗಳನ್ನು ತಾಯಿಯ ಅಡುಗೆಮನೆಯ ಬಟ್ಟಲುಗಳಲ್ಲಿ ವಿಂಗಡಿಸಿಟ್ಟು, ಚಿಪ್ಪಿಗೆ ಶಾಖವಾಹಕ ಲೇಪ ಹಚ್ಚಿ ಕಾರ್ಡು ಕೂರಿಸಿದ. ಗುಂಡಿ ಒತ್ತಿದರೆ ಪರದೆ ಕಪ್ಪು. ಮೂರು ಬಾರಿ ಬಿಚ್ಚಿ ಜೋಡಿಸಿದರೂ ಕಪ್ಪೇ. ಹಳೆಯ ಕಾರ್ಡನ್ನು ಮರಳಿ ಹಾಕಿದೊಡನೆ ಯಂತ್ರ ಎಂದಿನಂತೆ ಎಚ್ಚತ್ತಿತು. ದೋಷ ಹೊಸ ಕಾರ್ಡಿನದೆಂದು ಅವನಿಗೆ ಖಚಿತವಾಯಿತು. ಅಂಗಡಿಗೆ ಫೋನ್ ಮಾಡಿದರೆ, "ನೀವೇ ಸುಟ್ಟಿರಬೇಕು, ನಮ್ಮ ಜವಾಬ್ದಾರಿಯಲ್ಲ" ಎಂಬ ಉತ್ತರ.

ಆ ರಾತ್ರಿ ಮಗ ಊಟಕ್ಕೆ ಏಳಲಿಲ್ಲ. ಸಂಗತಿಯೆಲ್ಲ ಹೊರಬಂದ ಮೇಲೆ ತಂದೆ ಕನ್ನಡಕ ಹಾಕಿ ರಸೀದಿಯನ್ನು ಎರಡು ಸಲ ಓದಿ, ಬಿಳಿಯ ಹಾಳೆ ತೆಗೆದರು.

"ಇಂಗ್ಲಿಷಿನಲ್ಲಿ ಬರೆಯೋಣ ಅಪ್ಪ, ಆಗ ಹೆದರುತ್ತಾನೆ."

"ಹೆದರಿಸುವುದಕ್ಕಲ್ಲ, ಅರ್ಥವಾಗುವುದಕ್ಕೆ ಬರೆಯುವುದು. ಅವನು ನಿನ್ನೊಡನೆ ಮಾತಾಡಿದ್ದು ಯಾವ ಭಾಷೆಯಲ್ಲಿ?"

"ಕನ್ನಡದಲ್ಲಿ."

"ಮತ್ತೆ?"

ಪತ್ರ ಒಂದು ಪುಟ ದಾಟಲಿಲ್ಲ. ಕೊಂಡ ದಿನ, ಕಾರ್ಡಿನ ನಂಬ್ರ, ಕೊಟ್ಟ ಹಣ, ರಸೀದಿಯಲ್ಲಿನ ಮಾತು, ಹಳೆಯ ಕಾರ್ಡಿನಿಂದ ಯಂತ್ರ ನಡೆಯುತ್ತಿರುವ ಸಂಗತಿ, ಏಳು ದಿನಗಳೊಳಗೆ ಬದಲಿ ಅಥವಾ ಹಣ. ಕೊನೆಯಲ್ಲಿ ಕಾನೂನು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮಾರಾಟಗಾರ ಬೆಂಗಳೂರಿನಲ್ಲಿದ್ದರೂ ಕೊಂಡವನು ಅಲ್ಲಿಗೆ ಅಲೆಯಬೇಕಾಗಿಲ್ಲ. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಬೈಗುಳವಿಲ್ಲ, ಬೇಡಿಕೊಳ್ಳುವಿಕೆಯೂ ಇಲ್ಲ. ಮಗ ತಿದ್ದಲೆಂದು ಪೆನ್ನು ಹಿಡಿದು ಕುಳಿತ. ತಿದ್ದಬೇಕಾದ ಪದ ಒಂದೂ ಸಿಗಲಿಲ್ಲ. ಮರುದಿನ ಪತ್ರ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು.

ಆರನೆಯ ದಿನ ಅಂಗಡಿಯವನೇ ಫೋನ್ ಮಾಡಿ ಕೆಟ್ಟ ಕಾರ್ಡನ್ನು ತರಿಸಿಕೊಂಡು ಬೇರೊಂದನ್ನು ಕಳುಹಿಸಿದ. ಈ ಸಲ ಪರದೆ ಬೆಳಗಿತು. ಡ್ರೈವರ್ ಮಾತ್ರ ಆ ಹಳೆಯ ಯಂತ್ರವನ್ನು ಗುರುತಿಸಲಿಲ್ಲ. ಅದರ ಪಟ್ಟಿಯ ಕಡತದಲ್ಲಿ ಯಂತ್ರದ ಗುರುತಿನ ಸಾಲನ್ನು ಕೈಯಿಂದ ಸೇರಿಸಿ, ವಿಂಡೋಸಿನ ಸಹಿ ಪರೀಕ್ಷೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಅಳವಡಿಸಬೇಕಾಯಿತು. "ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಹಕ್ಕಿಲ್ಲ ಎನ್ನುವುದು ಇಲ್ಲಿಯೂ ಉಂಟೋ?" ಎಂದು ತಂದೆ ಪಕ್ಕದಲ್ಲಿ ಕುಳಿತು ಕೇಳಿದರು. ರಾತ್ರಿಯಿಡೀ ಹಿಡಿಯುತ್ತಿದ್ದ ಚಿತ್ರ ಊಟ ಮುಗಿಯುವಷ್ಟರಲ್ಲಿ ಮೂಡಿತು. ಶಾಲೆಯ ಮಾಡಿನ ಮೇಲೆ ಸಂಜೆಯ ಬಿಸಿಲು.

ಯೋಜನೆ ಸಕಾಲದಲ್ಲಿ ಒಪ್ಪಿತವಾಯಿತು. ಈ ಕಾರ್ಡಿಗೂ ಒಂದು ದಿನ ವಯಸ್ಸಾದೀತು. ಆಗಿನ ಮಾತು ಆಗ. ಕನ್ನಡ ಮಾಧ್ಯಮದಲ್ಲಿ ಕಲಿತದ್ದು ಎಲ್ಲಿಗೆ ಉಪಯೋಗವೆಂದು ಮೊದಲ ವರ್ಷ ಮುಖ ಸಣ್ಣದು ಮಾಡಿಕೊಂಡು ಕೇಳಿದ್ದ ಹುಡುಗ ಅವನು. ಅದಕ್ಕೆ ಉತ್ತರವನ್ನು ತಂದೆ ಬಾಯಲ್ಲಿ ಹೇಳಲಿಲ್ಲ. ಆ ಪತ್ರದ ನಕಲು ಮಾತ್ರ ಈಗ ಮಗನ ಕಡತದಲ್ಲಿ ರಸೀದಿಯ ಜೊತೆಗಿದೆ. ಕಳೆದ ತಿಂಗಳು ಗೆಳೆಯನೊಬ್ಬನ ಕೆಟ್ಟ ಮೊಬೈಲಿನ ವಿಷಯದಲ್ಲಿ ಅಂಗಡಿಗೆ ಪತ್ರ ಬೇಕಾದಾಗ ಅವನು ತಂದೆಯನ್ನು ಕೇಳಲಿಲ್ಲ. ತಾನೇ ಬರೆದ, ಕನ್ನಡದಲ್ಲಿ.